ಸ್ಕ್ರೀನ್ ಹೋಗಿರಲಿಲ್ಲ, ಹಿಂಜ್ ಹೋಗಿತ್ತು

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ವಾಸ್ತುಶಾಂತಿ ಕಾರ್ಡು, ಬಿಲ್ ಬುಕ್ ಮಾಡಿಕೊಡುತ್ತೇನೆ. ಎಲ್ಲ ಕೆಲಸ ನುಡಿ (ಕನ್ನಡ ಟೈಪಿಂಗ್) ಮತ್ತು ಕೋರಲ್‌ಡ್ರಾ (ಡಿಸೈನ್) ಸಾಫ್ಟ್‌ವೇರಿನಲ್ಲಿ, 2018ರಲ್ಲಿ ತಗೊಂಡ 15.6 ಇಂಚಿನ ಲ್ಯಾಪ್‌ಟಾಪಿನ ಮೇಲೆ. ಹೋದ ವರ್ಷ ಬಸವ ಜಯಂತಿಗೆ ಮೂರು ವಾರ ಇರುವಾಗ ಅದರ ಸ್ಕ್ರೀನ್ ಕೈಕೊಡತೊಡಗಿತು. ಅಕ್ಷಯ ತೃತೀಯವೂ ಅದೇ ಹೊತ್ತಿಗೆ ಬರುವುದರಿಂದ ನಮ್ಮ ಕಡೆ ಆಗ ಲಗ್ನ ಜಾಸ್ತಿ. ಕೈಯಲ್ಲಿ 14 ಪತ್ರಿಕೆಗಳ ಕೆಲಸ ಇತ್ತು.

ಮೊದಮೊದಲು ಸುಮ್ನೆ ಒಮ್ಮೆ ಮಿನುಗಿ ಸರಿಯಾಗುತ್ತಿತ್ತು. ಆಮೇಲೆ ಹಸಿರು ಬಣ್ಣ ಬಂತು, ನಡುಗುವ ಅಡ್ಡಗೆರೆಗಳು ಬಂದವು. ಪತ್ರಿಕೆಯ ಕೆಳಗೆ ‘ಸುಖಾಗಮನ ಬಯಸುವವರು’ ಅಂತ ಸಣ್ಣ ಅಕ್ಷರದಲ್ಲಿ 30-40 ಹೆಸರು ಇರುತ್ತವಲ್ಲ, ಅಲ್ಲಿ ಒತ್ತಕ್ಷರವೇ ಕಾಣುತ್ತಿರಲಿಲ್ಲ. ಬಸಪ್ಪನವರ ಹೆಸರು ‘ಬಸಪ’ ಅಂತ ಅಚ್ಚಾದರೆ ಆ ಮನೆಯವರಿಗೆ ಎಷ್ಟು ಬೇಜಾರಾಗುತ್ತದೆ!

ಒಂದು ರಿಪೇರಿ ಅಂಗಡಿಗೆ ಒಯ್ದೆ. ಆನ್ ಮಾಡಿ ನೋಡಿದವರೇ, “ಡಿಸ್‌ಪ್ಲೇ ಹೋಗೇತ್ರಿ ಸರ. ಹೊಸಾದು ಹಾಕಬೇಕು, ಐದೂವರೆ ಸಾವಿರ ಆಗ್ತೈತಿ” ಅಂದರು. ಬಿಚ್ಚಿ ನೋಡಲೇ ಇಲ್ಲ. ಯಾಕೋ ಮನಸ್ಸು ಒಪ್ಪಲಿಲ್ಲ. ವಾಪಸ್ ತಂದೆ.

ಮನೆಯಲ್ಲಿ ಅಕ್ಕನ ಮಗ ಪಕ್ಕದಲ್ಲೇ ಕೂತಿದ್ದ. “ಮಾಮಾ, ಮುಚ್ಚಳಾ ಹಿಂದ ಸರಿಸಿದ್ರ ಗೆರಿ ಬದಲಾಗ್ತಾವು ನೋಡು” ಅಂದ. ಹೌದಲ್ಲ! ಮುಚ್ಚಳ ನೆಟ್ಟಗೆ ನಿಲ್ಲಿಸಿದರೆ ಚಿತ್ರ ಶುಭ್ರ. ನಾಲ್ಕು ಬೆರಳು ಹಿಂದೆ ಬಾಗಿಸಿದರೆ ಗೆರೆ, ಹಸಿರು. ಇನ್ನೂ ಬಾಗಿಸಿದರೆ ಪೂರ್ತಿ ಬಿಳಿ. ಪ್ಯಾನೆಲ್ಲೇ, ಅಂದರೆ ಚಿತ್ರ ಮೂಡುವ ಗಾಜಿನ ಭಾಗವೇ ಕೆಟ್ಟಿದ್ದರೆ ಮುಚ್ಚಳ ಎಷ್ಟು ತೆರೆದಿದೆ ಅನ್ನುವುದರ ಮೇಲೆ ಅದು ಸಾಮಾನ್ಯವಾಗಿ ಹೀಗೆ ಬದಲಾಗುವುದಿಲ್ಲ. ಬಾಗಿಸಿದಾಗ ಅಲುಗಾಡುವುದು ಹಿಂಜ್, ಅಂದರೆ ಮುಚ್ಚಳ ತಿರುಗುವ ಕೀಲಿನ ಪಕ್ಕ ಹಾದುಹೋಗುವ, ಬೋರ್ಡಿನಿಂದ ಸ್ಕ್ರೀನಿಗೆ ಚಿತ್ರ ಒಯ್ಯುವ ಡಿಸ್‌ಪ್ಲೇ ಕೇಬಲ್ಲು.

ಆದರೂ ಉಳಿದದ್ದನ್ನೂ ಪರೀಕ್ಷಿಸಿದೆ. ಎಚ್‌ಡಿಎಂಐ ವೈರಿನಿಂದ ಮನೆಯ ಟಿವಿಗೆ ಜೋಡಿಸಿದೆ. ಟಿವಿಯಲ್ಲಿ ಒಂದು ಗೆರೆಯೂ ಇಲ್ಲ, ಅಂದರೆ ಚಿತ್ರ ತಯಾರಿಸುವ ಗ್ರಾಫಿಕ್ಸ್ ಚಿಪ್ ಚೆನ್ನಾಗಿದೆ. ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ವಿಂಡೋಸ್ ಬರುವ ಮೊದಲೇ, ಕಂಪನಿ ಲೋಗೋ ಕಾಣುವಾಗಲೇ ಗೆರೆ ಇತ್ತು. ಹಾಗಾಗಿ ವಿಂಡೋಸ್ ಒಳಗಿನ ಡ್ರೈವರ್ ಸಾಫ್ಟ್‌ವೇರಿನ ತೊಂದರೆಯಲ್ಲ. ನಿಮ್ಮ ಸ್ಕ್ರೀನ್ ಪೂರ್ತಿ ಕಪ್ಪಾಗಿದ್ದರೆ ಕತ್ತಲಲ್ಲಿ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಐಕಾನುಗಳು ಮಸುಕಾಗಿ ಕಂಡರೆ ಚಿತ್ರ ಬರುತ್ತಿದೆ, ಹೋಗಿರುವುದು ಸ್ಕ್ರೀನಿನ ಹಿಂದಿನ ಬೆಳಕು (ಬ್ಯಾಕ್‌ಲೈಟ್) ಮಾತ್ರ.

ಅವತ್ತೇ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿದೆ. ನಾಲ್ಕು ದಿನ ಟಿವಿ ಮೇಲೆಯೇ ಕೆಲಸ ಮಾಡಿದೆ. ವಿಂಡೋಸ್ ಕೀ ಮತ್ತು ‘ಪಿ’ ಒತ್ತಿ, ಎರಡನೇ ಸ್ಕ್ರೀನ್ ಮಾತ್ರ ಅಂತ ಆರಿಸಿಕೊಂಡರೆ ಸಾಕು. ಟಿವಿ ಚಿತ್ರದ ಅಂಚನ್ನು ಸ್ವಲ್ಪ ಕತ್ತರಿಸುತ್ತಿತ್ತು, ಕೆಳಗಿನ ಟಾಸ್ಕ್‌ಬಾರ್ ಅರ್ಧವೇ ಕಾಣುತ್ತಿತ್ತು. ಟಿವಿಯ ಸೆಟ್ಟಿಂಗಿನಲ್ಲಿ ಪಿಕ್ಚರ್ ಸೈಜ್ ಬದಲಿಸಿದ ಮೇಲೆ ಸರಿಯಾಯಿತು. ಬಣ್ಣವನ್ನು ಮಾತ್ರ ಟಿವಿ ನೋಡಿ ನಂಬಬೇಡಿ. ನನ್ನ ಟಿವಿಯಲ್ಲಿ ಕುಂಕುಮದ ಬಣ್ಣ ಬೆಂಕಿಯ ಹಾಗೆ ಕಾಣುತ್ತಿತ್ತು. ಪ್ರಿಂಟ್ ತೆಗೆದು ನೋಡಿಯೇ ಕೊಟ್ಟೆ.

ಭಾನುವಾರ ಬಿಚ್ಚಲು ಕೂತೆ. ಹಾಳೆಯ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಟೇಪ್ ಹಚ್ಚಿ ಅಂಟಿಸಿದೆ. ಉದ್ದದ ಸ್ಕ್ರೂ ಗಿಡ್ಡ ಜಾಗಕ್ಕೆ ಹೋದರೆ ಒಳಗಿನದನ್ನು ಚುಚ್ಚುತ್ತದೆ. ಹಿಂದಿನ ಕವರ್ ತೆಗೆದ ಕೂಡಲೇ ಬ್ಯಾಟರಿ ಕನೆಕ್ಟರ್ ಬಿಚ್ಚಿದೆ. ಈ ಒಂದು ಕೆಲಸ ದಯವಿಟ್ಟು ಬಿಡಬೇಡಿ. ಡಿಸ್‌ಪ್ಲೇ ಕನೆಕ್ಟರಿನಲ್ಲಿ ಚಿತ್ರದ ಪಿನ್ನುಗಳ ಜೊತೆಗೇ ಬ್ಯಾಕ್‌ಲೈಟಿನ ಕರೆಂಟ್ ಪಿನ್ನುಗಳೂ ಇರುತ್ತವೆ. ಬ್ಯಾಟರಿ ಇರುವಾಗಲೇ ಎಳೆದು ಒಂದಕ್ಕೊಂದು ತಾಗಿದರೆ ಬೋರ್ಡಿನ ಫ್ಯೂಸ್ ಸುಡಬಹುದು. ಆಮೇಲೆ ನಿಜವಾಗಿಯೂ ದೊಡ್ಡ ಖರ್ಚು.

ಸ್ಕ್ರೀನಿನ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟನ್ನು ಹಳೆಯ ಎಟಿಎಂ ಕಾರ್ಡಿನಿಂದ ಮೆಲ್ಲಗೆ ಎಬ್ಬಿಸಿದೆ. ಟಕ್ ಟಕ್ ಅಂತ ಕ್ಲಿಪ್ಪುಗಳು ಬಿಟ್ಟವು. ಎಡಗಡೆಯ ಹಿಂಜ್ ಹತ್ತಿರ ಬಂದಾಗ ಗೊತ್ತಾಯಿತು. ಹಿಂಜಿನ ಸ್ಕ್ರೂ ಕೂರುವ ಹಿತ್ತಾಳೆಯ ಪುಟ್ಟ ನಟ್ಟು ಪ್ಲಾಸ್ಟಿಕ್ಕನ್ನು ಸೀಳಿಕೊಂಡು ಹೊರಗೆ ಬಂದಿತ್ತು. ಹಿಂಜ್ ಎದ್ದು ಎದ್ದು ಕೇಬಲ್ಲನ್ನು ಕಚ್ಚಿತ್ತು. ಮೇಲಿನ ಕಪ್ಪು ಟೇಪ್ ಸವೆದು, ಕೂದಲಿಗಿಂತ ಸ್ವಲ್ಪ ದಪ್ಪದ ತಂತಿಗಳು ಕಾಣುತ್ತಿದ್ದವು. ಎರಡರ ಸಿಪ್ಪೆ ಸುಲಿದು ತಾಮ್ರ ಹೊಳೆಯುತ್ತಿತ್ತು. ಆ ಹಸಿರು ಬಣ್ಣ, ಆ ಗೆರೆ ಎಲ್ಲ ಅಲ್ಲಿಂದಲೇ.

ಇಷ್ಟು ಸಣ್ಣ ತಂತಿಗೆ ಬೆಸುಗೆ ಹಾಕಲು ಹೋಗಲಿಲ್ಲ. ಕೇಬಲ್ಲಿನ ಮೇಲಿನ ಬಿಳಿ ಚೀಟಿಯಲ್ಲಿ ಪಾರ್ಟ್ ನಂಬರ್ ಇತ್ತು. ಅದನ್ನೇ ಹಾಕಿ ಆನ್‌ಲೈನಿನಲ್ಲಿ 750 ರೂಪಾಯಿಗೆ ತರಿಸಿದೆ. ಲ್ಯಾಪ್‌ಟಾಪಿನ ಹೆಸರು ಒಂದೇ ಇದ್ದರೂ 30 ಪಿನ್ನಿನದು, 40 ಪಿನ್ನಿನದು, ಟಚ್ ಇರುವುದು, ಇಲ್ಲದ್ದು ಅಂತ ಬೇರೆ ಬೇರೆ ಕೇಬಲ್ ಇರುತ್ತವೆ. ಮಾಡೆಲ್ ಹೆಸರು ಹೇಳಿ ತರಿಸಿದರೆ ತಪ್ಪು ಕೇಬಲ್ ಬರಬಹುದು.

ಅದು ಬರುವಷ್ಟರಲ್ಲಿ ಹಿಂಜ್ ಕೆಲಸ ಮುಗಿಸಿದೆ. ಇದನ್ನು ಬಿಟ್ಟು ಕೇಬಲ್ ಮಾತ್ರ ಹಾಕಿದ್ದರೆ ಹೊಸದೂ ಹಾಗೆಯೇ ಸವೆಯುತ್ತಿತ್ತು. ಹೊಸ ಪ್ಯಾನೆಲ್ ಹಾಕಿ ಹಳೆಯ ಕೇಬಲ್ ಉಳಿಸಿದ್ದರಂತೂ ಅವತ್ತೇ ಮತ್ತೆ ಗೆರೆ. ನಟ್ಟನ್ನು ಜಾಗಕ್ಕೆ ಕೂರಿಸಿ ಸುತ್ತ ಅರಾಲ್ಡೈಟ್ ತುಂಬಿದೆ. ಅಂಟು ನಟ್ಟಿನ ಒಳಗಿನ ಸುರುಳಿ ತೋಡುಗಳೊಳಗೆ ಇಳಿಯದಂತೆ ಸ್ಕ್ರೂಗೆ ವ್ಯಾಸಲಿನ್ ಸವರಿ ತಿರುಗಿಸಿಟ್ಟೆ. ಪೂರ್ತಿ 24 ಗಂಟೆ ಮುಟ್ಟಲಿಲ್ಲ. ಹಿಂಜ್ ಬಹಳ ಬಿಗಿಯಾಗಿತ್ತು, ಪ್ಲಾಸ್ಟಿಕ್ ಸೀಳಿದ್ದೂ ಅದಕ್ಕೇ. ಅದರ ತುದಿಯ ನಟ್ಟನ್ನು ಕಾಲು ಸುತ್ತು ಸಡಿಲ ಮಾಡಿದೆ. ಈಗ ಮುಚ್ಚಳವನ್ನು ಮೂಲೆ ಹಿಡಿದು ಎತ್ತುವುದಿಲ್ಲ, ನಡುವೆ ಹಿಡಿದು ತೆರೆಯುತ್ತೇನೆ.

ಹೊಸ ಕೇಬಲ್ ಹಾಕಿ ಮುಚ್ಚಳವನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದಾಗ ಒಂದೂ ಗೆರೆ ಬರಲಿಲ್ಲ. ಎಷ್ಟು ಖುಷಿಯಾಯಿತೆಂದರೆ ಅಕ್ಕನ ಮಗನನ್ನು ಎಬ್ಬಿಸಿ ತೋರಿಸಿದೆ. ಆ 14 ಪತ್ರಿಕೆಗಳೂ ಹೊತ್ತಿಗೆ ಸರಿಯಾಗಿ ಹೋದವು.

ಮುಂದೆ ಪಕ್ಕದ ಅಂಗಡಿಯ ಕಾಕಾ ತಮ್ಮ ಲ್ಯಾಪ್‌ಟಾಪ್ ತಂದರು. ಬಲಕ್ಕೆ ನೆಟ್ಟಗೆ ಒಂದೇ ಒಂದು ಗುಲಾಬಿ ಗೆರೆ. ಮುಚ್ಚಳ ಎಷ್ಟೇ ಆಡಿಸಿದರೂ ಕದಲಲಿಲ್ಲ. ಸ್ಕ್ರೀನಿನ ಕೆಳಗಿನ ಅಂಚನ್ನು ಮೆತ್ತಗೆ ಅದುಮಿದಾಗ ಮಾತ್ರ ಮಾಯವಾಗಿ, ಬಿಟ್ಟ ಕೂಡಲೇ ಬಂತು. ಅದು ಪ್ಯಾನೆಲ್ಲಿನ ಗಾಜಿನ ಅಂಚಿಗೆ ಅಂಟಿಸಿದ, ಚಿತ್ರದ ಸಿಗ್ನಲ್ ಒಯ್ಯುವ ಪಟ್ಟಿ ಬಿಟ್ಟಿರುವ ಲಕ್ಷಣ, ಕೇಬಲ್ ಬದಲಿಸಿದರೆ ಹೋಗುವುದಿಲ್ಲ. “ಕಾಕಾ, ನಿಮ್ಮದು ಪ್ಯಾನೆಲ್ಲೇ ಹೋಗೇತ್ರಿ” ಅಂದೆ. ಬಿಚ್ಚಿ, ಹಿಂದಿನ ಚೀಟಿಯಲ್ಲಿದ್ದ ಪ್ಯಾನೆಲ್ ನಂಬರಿನ ಫೋಟೋ ತೆಗೆದುಕೊಟ್ಟು, ಇದೇ ನಂಬರಿನದು ಕೇಳಿ ಹಾಕಿಸಿಕೊಳ್ಳಿ ಅಂತ ಕಳಿಸಿದೆ.