ಮೋಟಾರ್ ಬೋಟನ್ನು ವಿಂಟರೈಸ್ ಮಾಡಿಸುವ ಖರ್ಚು: ಮಿನೆಸೋಟಾದಲ್ಲಿ ನನ್ನ ಅನುಭವ

ಮಿನೆಸೋಟಾದಲ್ಲಿ ಮೋಟಾರ್ ಬೋಟ್ ಇಟ್ಟುಕೊಂಡವರಿಗೆ ನೀರಿನ ಮೇಲೆ ಸಿಗುವುದು ಹೆಚ್ಚೆಂದರೆ ಮೇ ತಿಂಗಳಿಂದ ಅಕ್ಟೋಬರ್ ಮೊದಲ ವಾರಗಳವರೆಗಿನ ಕಾಲ. ಅಲ್ಲಿಂದ ಮುಂದೆ ರಾತ್ರಿಯ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯತೊಡಗುತ್ತದೆ, ಡಿಸೆಂಬರ್ ಹೊತ್ತಿಗೆ ಮಿನೆಟೊಂಕದಂಥ ದೊಡ್ಡ ಸರೋವರವೂ ಹೆಪ್ಪುಗಟ್ಟುತ್ತದೆ, ಜನವರಿಯಲ್ಲಿ ಮೈನಸ್ 25 ಡಿಗ್ರಿ ಸೆಲ್ಸಿಯಸ್ ಇಲ್ಲಿ ಯಾರನ್ನೂ ಅಚ್ಚರಿಗೊಳಿಸುವುದಿಲ್ಲ. ಈ ಚಳಿಯನ್ನು ತಡೆದುಕೊಳ್ಳುವಂತೆ ಬೋಟನ್ನು ಸಜ್ಜುಗೊಳಿಸುವುದಕ್ಕೆ ಎಲ್ಲರೂ ವಿಂಟರೈಸ್ ಮಾಡಿಸುವುದು ಎನ್ನುತ್ತಾರೆ. ಅದಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ಹೊಸದಾಗಿ ಬೋಟ್ ಕೊಂಡ ಕನ್ನಡಿಗ ಸ್ನೇಹಿತರು ನನ್ನನ್ನು ಆಗಾಗ ಕೇಳುತ್ತಾರೆ. ನಾನು ಮರೀನಾಗಳಲ್ಲಿ, ಅಂದರೆ ಬೋಟುಗಳನ್ನು ಇರಿಸಿಕೊಂಡು ರಿಪೇರಿ ಮಾಡಿಕೊಡುವ ಜಾಗಗಳಲ್ಲಿ, ಮಾಡಿಸಿದ್ದನ್ನೂ ಕ್ರಮೇಣ ಕೆಲವು ಕೆಲಸಗಳನ್ನು ಮನೆಗೆ ತಂದುಕೊಂಡದ್ದನ್ನೂ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನನ್ನದು 20 ಅಡಿಯ ಬೋಟ್, ಅದರ ಹಿಂಭಾಗದಲ್ಲಿ 4.3 ಲೀಟರ್‌ನ ವಿ6 ಸ್ಟರ್ನ್‌ಡ್ರೈವ್ ಎಂಜಿನ್ ಇದೆ. ಎಂಜಿನ್ ಬೋಟಿನ ಒಳಗಿರುತ್ತದೆ, ಪ್ರೊಪೆಲ್ಲರ್ ತಿರುಗಿಸುವ ಡ್ರೈವ್ ಹೊರಗಿರುತ್ತದೆ. ಈ ಎಂಜಿನ್ ತನ್ನನ್ನು ತಂಪಾಗಿಸಿಕೊಳ್ಳಲು ಕಾರಿನಂತೆ ರೇಡಿಯೇಟರನ್ನು ಅವಲಂಬಿಸದೆ ಸರೋವರದ ನೀರನ್ನೇ ಎಳೆದುಕೊಂಡು, ಬ್ಲಾಕ್ (ಎಂಜಿನ್ನಿನ ಎರಕದ ಒಡಲು) ಮತ್ತು ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗಳೊಳಗೆ ಹರಿಸಿ ಹೊರಹಾಕುತ್ತದೆ. ಎಂಜಿನ್ ನಿಲ್ಲಿಸಿದಾಗ ಆ ನೀರಿನ ಒಂದು ಪಾಲು ಒಳಗೇ ಉಳಿಯುತ್ತದೆ. ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಎರಕದ ಕಬ್ಬಿಣಕ್ಕೆ ಹಿಗ್ಗುವ ಗುಣವಿಲ್ಲ, ಆದ್ದರಿಂದ ಬ್ಲಾಕ್ ಬಿರುಕು ಬಿಡುತ್ತದೆ. ಬ್ಲಾಕಿನಲ್ಲಿ ಫ್ರೀಜ್ ಪ್ಲಗ್‌ಗಳಿವೆಯಲ್ಲ, ಅವು ಹೊರಗೆ ಚಿಮ್ಮಿ ಎಂಜಿನನ್ನು ಉಳಿಸುತ್ತವೆ ಎಂದು ಹಲವರು ನಂಬಿದ್ದಾರೆ. ಆ ರಂಧ್ರಗಳು ಎರಕ ಹೊಯ್ದ ಮೇಲೆ ಒಳಗಿನ ಮರಳನ್ನು ತೆಗೆಯಲು ಇಟ್ಟವು, ಪ್ಲಗ್‌ಗಳು ಅವುಗಳ ಮುಚ್ಚಳಗಳು ಮಾತ್ರ. ಅವುಗಳನ್ನು ನಂಬಿ ಕೂರುವಂತಿಲ್ಲ. ಬಿರುಕು ಬಿಟ್ಟ ಎಂಜಿನನ್ನು ಬದಲಾಯಿಸಲು ಕೂಲಿಯೂ ಸೇರಿ 5,000 ಡಾಲರ್ ದಾಟುತ್ತದೆ ಎಂದು ನಾನು ಹೋಗುವ ವರ್ಕ್‌ಶಾಪ್‌ನವರು ಹೇಳುತ್ತಾರೆ.

ನಾನು ಉಡುಪಿ ಕಡೆಯವನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವಾಗ ಮಲ್ಪೆಯ ದಕ್ಕೆಯಲ್ಲಿ ಬೋಟುಗಳು ಸಾಲಾಗಿ ನಿಂತು ರಿಪೇರಿಯಾಗುವುದನ್ನು ನೋಡುತ್ತ ಬೆಳೆದವನು. ಅಲ್ಲಿ ಎಂಜಿನ್‌ನಲ್ಲಿ ಉಳಿದ ನೀರಿನಿಂದ ತುಕ್ಕಿನ ಭಯವಿದೆಯೇ ಹೊರತು ಕಬ್ಬಿಣವೇ ಸೀಳುವ ಭಯವಿಲ್ಲ. ಇಲ್ಲಿ ಒಂದೇ ರಾತ್ರಿಯ ಕಡುಚಳಿ ಸಾಕು.

ಎಲ್ಲ ಕೆಲಸವನ್ನೂ ಮರೀನಾಕ್ಕೆ ವಹಿಸಿಕೊಟ್ಟ ವರ್ಷದ ಬಿಲ್ ನನ್ನ ಬಳಿ ಇದೆ. ಎಂಜಿನ್ ವಿಂಟರೈಸ್ ಮಾಡಿದ್ದಕ್ಕೆ 325 ಡಾಲರ್, ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿದ್ದಕ್ಕೆ 165, ಡ್ರೈವಿನ ಗೇರ್ ಆಯಿಲಿಗೆ 95, ಬೋಟಿಗೆ ಬಿಗಿಯಾಗಿ ಹೊದಿಸುವ ಪ್ಲಾಸ್ಟಿಕ್ ಶ್ರಿಂಕ್‌ರ್ಯಾಪ್‌ಗೆ ಅಡಿಗೆ 18ರಂತೆ 360, ಬಯಲಿನಲ್ಲಿ ಚಳಿಗಾಲವಿಡೀ ಇಟ್ಟುಕೊಂಡದ್ದಕ್ಕೆ ಅಡಿಗೆ 30ರಂತೆ 600, ಬ್ಯಾಟರಿಯನ್ನು ಒಳಗಿಟ್ಟು ಚಾರ್ಜ್ ಮಾಡಿದ್ದಕ್ಕೆ 40, ಸಣ್ಣಪುಟ್ಟ ಸಾಮಗ್ರಿ ಎಂದು 35. ತೆರಿಗೆ ಬಿಟ್ಟು 1,620 ಡಾಲರ್. ಬಿಸಿ ಮಾಡಿದ ಗೋದಾಮಿನಲ್ಲಿ ಇಟ್ಟಿದ್ದರೆ ಜಾಗದ ಬಾಡಿಗೆಯೇ ದುಪ್ಪಟ್ಟಾಗುತ್ತಿತ್ತು. ಈ ಬಿಲ್ಲಿನಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಸಾವಿರಾರು ಡಾಲರಿನ ನಷ್ಟವನ್ನು ನೇರವಾಗಿ ತಪ್ಪಿಸುವುದು ಆ ಮೊದಲ 325 ಡಾಲರ್ ಮತ್ತು ಗೇರ್ ಆಯಿಲಿನ 95 ಡಾಲರ್. ಒಟ್ಟು ಮೊತ್ತದ ಅರ್ಧಕ್ಕಿಂತ ಹೆಚ್ಚು ಹೋಗುವುದು ಹೊದಿಕೆ ಮತ್ತು ಜಾಗಕ್ಕೆ. ದರ ಹೆಚ್ಚಾಯಿತೆಂದು ಚೌಕಾಸಿ ಮಾಡುವವರು ಎಂಜಿನ್ ಕೆಲಸದಲ್ಲಿ ಉಳಿಸಲು ಹೊರಡುತ್ತಾರೆ, ಅದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಏಕೆಂದರೆ ಎಂಜಿನ್ ಕೆಲಸವನ್ನು ಎರಡು ರೀತಿಯಲ್ಲಿ ಮಾಡುತ್ತಾರೆ, ಬಿಲ್ಲಿನಲ್ಲಿ ಎರಡಕ್ಕೂ ಒಂದೇ ಹೆಸರು. ಇನ್ನೊಂದು ಕಡೆ ನನಗೆ 199 ಡಾಲರಿಗೆ ಮಾಡಿಕೊಡುವುದಾಗಿ ಹೇಳಿದ್ದರು. ವಿಚಾರಿಸಿದಾಗ ತಿಳಿದದ್ದು, ಅವರು ಬ್ಲಾಕಿನ ಡ್ರೈನ್ ಪ್ಲಗ್‌ಗಳನ್ನು ತೆಗೆಯುವುದೇ ಇಲ್ಲ. ಡ್ರೈವಿಗೆ ಹೋಸ್ ಜೋಡಿಸಿ, ಎಂಜಿನ್ ಓಡಿಸಿ, ಗುಲಾಬಿ ಬಣ್ಣದ ಆಂಟಿಫ್ರೀಜ್ (ಚಳಿಗೆ ಸುಲಭವಾಗಿ ಹೆಪ್ಪುಗಟ್ಟದ ದ್ರವ) ಎಳೆದುಕೊಳ್ಳುವಂತೆ ಮಾಡಿ, ಎಕ್ಸಾಸ್ಟ್‌ನಿಂದ ಗುಲಾಬಿ ನೀರು ಬಂದಕೂಡಲೇ ನಿಲ್ಲಿಸುತ್ತಾರೆ. ಎಂಜಿನ್ ಸಾಕಷ್ಟು ಬಿಸಿಯಾಗಿರದಿದ್ದರೆ ಬಿಸಿಯಾದಾಗ ಮಾತ್ರ ತೆರೆಯುವ ಥರ್ಮೋಸ್ಟಾಟ್ ಎಂಬ ಕವಾಟ ಮುಚ್ಚಿಕೊಂಡೇ ಇರುತ್ತದೆ, ಆಗ ಆಂಟಿಫ್ರೀಜ್ ಬ್ಲಾಕಿನೊಳಗೆ ಸರಿಯಾಗಿ ಸುತ್ತದೆ ಅಡ್ಡದಾರಿಯಲ್ಲಿ ಹೊರಗೆ ಬಂದುಬಿಡುತ್ತದೆ. ಹೊರಗೆ ಗುಲಾಬಿ ಬಣ್ಣ ಕಂಡರೂ ಒಳಗೆ ಸರೋವರದ ನೀರೇ ಉಳಿದಿರಬಹುದು. ಇದರ ಜೊತೆಗೆ ಡಬ್ಬಿಯ ಮೇಲೆ ಬರೆದ ಮೈನಸ್ 50 ಎಂಬ ಅಂಕಿಯನ್ನೂ ಅರ್ಥಮಾಡಿಕೊಳ್ಳಬೇಕು. ಅದು ಫ್ಯಾರನ್‌ಹೀಟ್ ಲೆಕ್ಕ, ಕೊಳವೆ ಒಡೆಯದಂತೆ ಕಾಪಾಡುವ ಮಿತಿ. ದ್ರವ ಅದಕ್ಕಿಂತ ಬಹಳ ಮೊದಲೇ ಮೆತ್ತನೆಯ ಮಂಜಿನಂತಾಗಿರುತ್ತದೆ. ಒಳಗೆ ಉಳಿದ ನೀರಿನೊಡನೆ ಬೆರೆತು ತೆಳುವಾದಷ್ಟೂ ಆ ರಕ್ಷಣೆ ಕುಗ್ಗುತ್ತದೆ. ಆದ್ದರಿಂದ ಮೊದಲು ನೀರನ್ನು ಪೂರ್ತಿ ಬಸಿದು, ಆಮೇಲೆ ಆಂಟಿಫ್ರೀಜ್ ತುಂಬುವುದೇ ಸರಿಯಾದ ಕ್ರಮ. ಯಾವುದೇ ಮರೀನಾದಲ್ಲಿ ನಾನು ಕೇಳುವ ಮೊದಲ ಪ್ರಶ್ನೆ, ಬ್ಲಾಕಿನ ಪ್ಲಗ್‌ಗಳನ್ನು ಬಿಚ್ಚುತ್ತೀರಾ ಎಂಬುದು.

ನನ್ನ ಮೆಕ್ಯಾನಿಕ್ ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಲು ಒಪ್ಪಿದ್ದು ನನ್ನ ಭಾಗ್ಯ. ಅವರು ಬ್ಲಾಕಿನ ಎರಡೂ ಬದಿಯ ಪ್ಲಗ್‌ಗಳನ್ನೂ ಮ್ಯಾನಿಫೋಲ್ಡ್‌ಗಳ ಕೆಳಗಿನವನ್ನೂ ಬಿಚ್ಚಿದರು, ನೀರಿನ ಪಂಪಿನ ದೊಡ್ಡ ಹೋಸನ್ನು ಕಳಚಿ ಕೆಳಗೆ ಬಾಗಿಸಿದರು. ಒಂದು ರಂಧ್ರದಿಂದ ನೀರು ದಾರವಾಗಿ ಸುರಿಯಿತು, ಇನ್ನೊಂದರಿಂದ ನಾಲ್ಕು ಹನಿ ಬಂದು ನಿಂತಿತು. ನೋಡುವವರಿಗೆ ಅದು ಖಾಲಿಯಾಯಿತೆಂದೇ ಅನಿಸುತ್ತದೆ. ಅವರು ಒಂದು ಗಟ್ಟಿ ತಂತಿಯನ್ನು ಆ ರಂಧ್ರದೊಳಗೆ ತೂರಿಸಿ ಕೆದಕಿದರು. ಕಂದು ಬಣ್ಣದ ತುಕ್ಕಿನ ಹೊಟ್ಟು ಮತ್ತು ಮರಳಿನ ಒಂದು ಮುದ್ದೆ ಸರಿದದ್ದೇ ತಡ, ತಡೆದು ನಿಂತಿದ್ದ ನೀರೆಲ್ಲ ಧೋ ಎಂದು ಬೋಟಿನ ತಳಕ್ಕೆ ಸುರಿಯಿತು. ಆ ಬದಿಯ ಬ್ಲಾಕ್ ಆ ತನಕ ತುಂಬಿಯೇ ಇತ್ತು. ವೃತ್ತಿಪರರಿಗೆ ನಾವು ಕೊಡುವ ಹಣ ಮುಖ್ಯವಾಗಿ ಈ ತಂತಿಯ ಕೆಲಸಕ್ಕೆ ಎಂದು ನಾನು ಭಾವಿಸುತ್ತೇನೆ. ಬಸಿದ ಮೇಲೆ ಪ್ಲಗ್‌ಗಳನ್ನು ಮತ್ತೆ ಹಾಕಿ ಮೇಲಿನ ಹೋಸ್‌ಗಳ ಮೂಲಕ ಪ್ರೊಪಿಲೀನ್ ಗ್ಲೈಕಾಲ್ ಆಂಟಿಫ್ರೀಜ್ ತುಂಬಿದರು. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷಕಾರಿಯಾದ್ದರಿಂದ ಸರೋವರಕ್ಕೆ ಇಳಿಯುವ ಬೋಟಿಗೆ ಅದನ್ನು ಬಳಸಬಾರದು. ಎಂಜಿನ್ ಓಡುತ್ತಿದ್ದಾಗಲೇ ಸಿಲಿಂಡರ್‌ಗಳಿಗೆ ತುಕ್ಕು ತಡೆಯುವ ಫಾಗಿಂಗ್ ಆಯಿಲ್ ಸಿಂಪಡಿಸಿ ಮುಗಿಸಿದ್ದರು.

ಗೇರ್ ಆಯಿಲನ್ನು ವಸಂತದಲ್ಲಿ ಬದಲಾಯಿಸಿದರಾಯಿತು ಎಂದು ಮುಂದೂಡುವವರಿದ್ದಾರೆ. ಡ್ರೈವಿನ ಕೆಳಗಿನ ತಿರುಪು ಸಡಿಲಿಸಿದಾಗ ಬರುವ ಮೊದಲ ಆಯಿಲ್ ಹಾಲಿನ ಬಣ್ಣಕ್ಕಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಆ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಅಲ್ಯುಮಿನಿಯಂ ಕವಚವನ್ನೇ ಸೀಳಬಲ್ಲದು, ಆದ್ದರಿಂದ ಈ ಕೆಲಸ ಚಳಿ ಬರುವ ಮೊದಲೇ ಆಗಬೇಕು. ಪ್ರೊಪೆಲ್ಲರ್ ಬಿಚ್ಚಿ ನೋಡಿಸುವುದನ್ನೂ ನಾನು ಇದರೊಡನೆ ಸೇರಿಸುತ್ತೇನೆ, ಶಾಫ್ಟಿಗೆ ಸುತ್ತಿಕೊಂಡ ಮೀನಿನ ಗಾಳದ ದಾರ ಸೀಲನ್ನು ಕತ್ತರಿಸುವುದರಿಂದಲೇ ಅನೇಕ ಸಲ ನೀರು ಒಳಹೋಗುತ್ತದೆ.

ಔಟ್‌ಬೋರ್ಡ್ ಎಂಜಿನ್, ಅಂದರೆ ಇಡೀ ಎಂಜಿನ್ ಬೋಟಿನ ಹಿಂಬದಿಗೆ ಹೊರಗೆ ತೂಗುವಂಥದ್ದು, ಇರುವವರಿಗೆ ಇಷ್ಟು ಖರ್ಚಿಲ್ಲ. ಅದನ್ನು ನೆಟ್ಟಗೆ ಇಳಿಸಿದರೆ ನೀರು ತಾನಾಗಿ ಬಸಿದುಹೋಗುತ್ತದೆ. ಚಳಿಗಾಲವಿಡೀ ಅದು ನೆಟ್ಟಗೇ ಇರಬೇಕು, ಮೇಲೆತ್ತಿ ಇಟ್ಟರೆ ಪ್ರೊಪೆಲ್ಲರ್ ಹಬ್‌ನೊಳಗೆ ಮಳೆನೀರು ನಿಂತು ಹೆಪ್ಪುಗಟ್ಟುತ್ತದೆ.

ಉಳಿದ ಕೆಲಸಗಳನ್ನು ಈಗ ನಾನೇ ಮಾಡಿಕೊಳ್ಳುತ್ತೇನೆ. ಸೀಸನ್ನಿನ ಕೊನೆಯ ಸುತ್ತಾಟಕ್ಕೆ ಮುಂಚೆ ಪೆಟ್ರೋಲ್ ಟ್ಯಾಂಕನ್ನು ಬಹುಪಾಲು ತುಂಬಿಸಿ, ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಸರ್ ಹಾಕುತ್ತೇನೆ, ಆ ಸುತ್ತಾಟದಲ್ಲೇ ಅದು ಎಂಜಿನ್‌ವರೆಗೂ ತಲುಪುತ್ತದೆ. ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇಕಡಾ 10ರಷ್ಟು ಎಥನಾಲ್ ಇರುವುದರಿಂದ ಅದು ತೇವವನ್ನು ಹೀರಿಕೊಳ್ಳುತ್ತದೆ, ತಿಂಗಳುಗಟ್ಟಲೆ ಹಾಗೇ ಬಿಡುವುದು ಒಳ್ಳೆಯದಲ್ಲ. ಆಯಿಲ್ ಮತ್ತು ಫಿಲ್ಟರ್ ಕಿಟ್‌ಗೆ 60 ಡಾಲರ್ ಆಗುತ್ತದೆ. ಎಂಜಿನ್ ಬಿಸಿಯಿರುವಾಗಲೇ ಡಿಪ್‌ಸ್ಟಿಕ್ ಕೊಳವೆಯಿಂದ ಪಂಪಿನ ಮೂಲಕ ಹಳೆಯ ಆಯಿಲನ್ನು ಎಳೆದು ತೆಗೆಯುತ್ತೇನೆ. ಬ್ಯಾಟರಿ ಮನೆಯೊಳಗೆ ಬರುತ್ತದೆ. ಪೂರ್ತಿ ಚಾರ್ಜ್ ಇಳಿದ ಬ್ಯಾಟರಿ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಒಡೆಯುತ್ತದೆ, ಪೂರ್ತಿ ಚಾರ್ಜ್ ಆಗಿದ್ದರೆ ಮಿನೆಸೋಟಾದ ಚಳಿಯನ್ನು ತಡೆದುಕೊಳ್ಳುತ್ತದೆ. ಶ್ರಿಂಕ್‌ರ್ಯಾಪ್ ಬದಲು, ಹಿಮ ಜಾರಿಹೋಗುವಂತೆ ಮಧ್ಯದಲ್ಲಿ ಎತ್ತರದ ಚೌಕಟ್ಟು ಕಟ್ಟಿ, ಮೇಲೆ ವರ್ಷ ವರ್ಷ ಬಳಸಬಹುದಾದ ದಪ್ಪ ಹೊದಿಕೆ ಹಾಕುತ್ತೇನೆ. ಬೋಟ್ ನಮ್ಮ ಮನೆಯ ಪಕ್ಕದ ಜಾಗದಲ್ಲೇ ನಿಲ್ಲುತ್ತದೆ, ನಮ್ಮ ಊರಿನ ನಿಯಮ ಅದಕ್ಕೆ ಅವಕಾಶ ಕೊಡುತ್ತದೆ. ಹೀಗೆ ಮರೀನಾಕ್ಕೆ 420 ಡಾಲರ್, ನನ್ನ ಸಾಮಗ್ರಿಗೆ ಸುಮಾರು 80 ಡಾಲರ್, ಒಟ್ಟು 500ರ ಆಸುಪಾಸಿನಲ್ಲಿ ಮುಗಿಯುತ್ತದೆ.

ಈ ರಾಜ್ಯದಲ್ಲಿ ಹೊರಗಿನಿಂದ ಬಂದು ಸರೋವರಗಳನ್ನು ಆಕ್ರಮಿಸುವ ಸಣ್ಣ ಚಿಪ್ಪುಜೀವಿಯಾದ ಜೀಬ್ರಾ ಮಸಲ್‌ನಂಥ ಜೀವಿಗಳು ಹರಡಬಾರದೆಂದು, ಬೋಟನ್ನು ರಸ್ತೆಯ ಮೇಲೆ ಎಳೆದೊಯ್ಯುವಾಗ ಬೋಟಿನ ತಳದ ಡ್ರೈನ್ ಪ್ಲಗ್ ತೆಗೆದಿರಬೇಕೆಂಬ ಕಾನೂನಿದೆ. ಅದನ್ನು ಪಾಲಿಸಿದ ಮಾತ್ರಕ್ಕೆ ಬೋಟಿನ ನೀರೆಲ್ಲ ಹೋಯಿತೆಂದು ತಿಳಿಯಬಾರದು, ಆ ಪ್ಲಗ್‌ನಿಂದ ಹೋಗುವುದು ತಳದಲ್ಲಿ ಸೇರಿದ ನೀರು ಮಾತ್ರ, ಎಂಜಿನ್‌ನೊಳಗಿನದಲ್ಲ.

ವಿಮೆಯ ಕಾಗದವನ್ನೂ ಓದಿ ನೋಡಬೇಕು. ನನ್ನ ಪಾಲಿಸಿಯ ಪ್ರಕಾರ ಹೆಪ್ಪುಗಟ್ಟಿ ಆದ ಹಾನಿಗೆ ಪರಿಹಾರ ಸಿಗುವುದು ವೃತ್ತಿಪರರಿಂದ ವಿಂಟರೈಸ್ ಮಾಡಿಸಿದ್ದರೆ ಮಾತ್ರ. ಹಾಗಾಗಿ ಪ್ಲಗ್‌ಗಳನ್ನು ನಾನೇ ಬಿಚ್ಚಬಲ್ಲೆನಾದರೂ ಆ ಕೆಲಸವನ್ನು ಮರೀನಾಕ್ಕೇ ಬಿಟ್ಟಿದ್ದೇನೆ, ಬಿಲ್ಲಿನಲ್ಲಿ ಬ್ಲಾಕ್ ಮತ್ತು ಮ್ಯಾನಿಫೋಲ್ಡ್ ಬಸಿದದ್ದನ್ನು ಬಿಡಿಸಿ ಬರೆಯಿಸಿಕೊಂಡು ಪಾಲಿಸಿಯ ಜೊತೆಗೇ ಇಡುತ್ತೇನೆ.

ಆಗಸ್ಟ್ ಕೊನೆಯಲ್ಲೇ ದಿನ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು, ಅಕ್ಟೋಬರ್‌ನಲ್ಲಿ ಎಲ್ಲರೂ ಒಮ್ಮೆಗೇ ಬರುವುದರಿಂದ ಸರದಿ ಸಿಗುವ ಮೊದಲೇ ಚಳಿ ಬಂದುಬಿಡಬಹುದು. ದರ ಕೇಳುವಾಗ ವಸಂತದಲ್ಲಿ ಮತ್ತೆ ಎಂಜಿನ್ ಚಾಲೂ ಮಾಡಿಕೊಡುವ ಕೆಲಸ ಅದರಲ್ಲಿ ಸೇರಿದೆಯೇ ಎಂದೂ ಕೇಳಿ. ನಮ್ಮ ಮರೀನಾದಲ್ಲಿ ಅದಕ್ಕೆ ಪ್ರತ್ಯೇಕವಾಗಿ 120 ಡಾಲರ್ ಇದೆ. ಆಂಟಿಫ್ರೀಜನ್ನು ಸರೋವರಕ್ಕೆ ಬಿಡದೆ ಡಬ್ಬಿಗೆ ಹಿಡಿದುಕೊಂಡು, ಎಲ್ಲ ಹೋಸ್‌ಗಳ ಕ್ಲಾಂಪ್ ಬಿಗಿಮಾಡಿ, ಎಂಜಿನ್ ಓಡಿಸಿ ಸೋರಿಕೆ ಪರೀಕ್ಷಿಸಿ ಕೊಡುತ್ತಾರೆ.