ಅಮೆರಿಕದ ಮಹಿಳಾ ಹಕ್ಕುಗಳ ಹೋರಾಟಗಾರ್ತಿಯರ ಕುರಿತು ಪ್ರಬಂಧ ಬರೆಯುವ ಬಗೆ

ಈ ವಿಷಯದ ಮೇಲೆ ಬರೆಯಲು ಕುಳಿತವರು ಸಾಮಾನ್ಯವಾಗಿ ಹತ್ತಾರು ಮಹಿಳೆಯರ ಜನನ, ಸಾಧನೆ ಮತ್ತು ಮರಣದ ವಿವರಗಳನ್ನು ಸಾಲಾಗಿ ಪೇರಿಸಿಬಿಡುತ್ತಾರೆ. ಅದಕ್ಕಿಂತ ಒಬ್ಬ ಹೋರಾಟಗಾರ್ತಿಯ ಬದುಕಿನ ಒಂದು ಘಟನೆಯನ್ನು ಆರಿಸಿಕೊಂಡು, ಆಕೆಗೆ ಅಡ್ಡಬಂದ ಕಾನೂನು ಯಾವುದು ಎಂಬ ಪ್ರಶ್ನೆಯಿಂದ ಆರಂಭಿಸುವುದು ಒಳ್ಳೆಯದು.

ಸೂಸನ್ ಬಿ. ಆಂಥನಿಯವರ ಮೊಕದ್ದಮೆ ಇದಕ್ಕೆ ತಕ್ಕ ಉದಾಹರಣೆ. ಅಮೆರಿಕ ಸಂವಿಧಾನದ 14ನೆಯ ತಿದ್ದುಪಡಿಯು ಪೌರತ್ವವನ್ನು ನೀಡಿರುವುದರಿಂದ ಮತದಾನದ ಹಕ್ಕೂ ತಮಗಿದೆ ಎಂದು ವಾದಿಸಿದ ಅವರು 1872ರ ಅಧ್ಯಕ್ಷೀಯ ಚುನಾವಣೆಯಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಮತ ಚಲಾಯಿಸಿ ಬಂಧನಕ್ಕೊಳಗಾದರು. ಮರುವರ್ಷ ನಡೆದ ವಿಚಾರಣೆಯಲ್ಲಿ ನ್ಯಾಯಾಧೀಶರು, ತೀರ್ಪುಗಾರರ ಮಂಡಳಿಗೆ (ಜ್ಯೂರಿ) ಚರ್ಚಿಸಲು ಅವಕಾಶವನ್ನೇ ಕೊಡದೆ, ಅಪರಾಧಿಯೆಂದು ಘೋಷಿಸುವಂತೆ ನಿರ್ದೇಶಿಸಿ 100 ಡಾಲರ್ ದಂಡ ವಿಧಿಸಿದರು. ಆಂಥನಿ ಆ ದಂಡವನ್ನು ಕೊನೆಗೂ ಕಟ್ಟಲಿಲ್ಲ. ಇಲ್ಲಿಗೇ ನಿಲ್ಲಿಸದೆ, ಇದೇ ವಾದದೊಂದಿಗೆ ನ್ಯಾಯಾಲಯಕ್ಕೆ ಹೋದ ವರ್ಜೀನಿಯಾ ಮೈನರ್ ಅವರ ಪ್ರಕರಣಕ್ಕೆ ಸಾಗಿರಿ. ಪೌರತ್ವದಿಂದ ಮತದ ಹಕ್ಕು ತಾನಾಗಿ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1875ರಲ್ಲಿ ತೀರ್ಪಿತ್ತಿತು. ಹೋರಾಟವು ಸಂವಿಧಾನದ ತಿದ್ದುಪಡಿಯತ್ತ ಮತ್ತು ಒಂದೊಂದೇ ರಾಜ್ಯದ ಕಾನೂನಿನತ್ತ ಏಕೆ ಹೊರಳಿತು ಎಂಬುದು ಆಗ ಸ್ಪಷ್ಟವಾಗುತ್ತದೆ.

ಪ್ರಸಿದ್ಧ ಮಾತುಗಳನ್ನು ಉಲ್ಲೇಖಿಸುವಾಗ, ಅವನ್ನು ಯಾರು, ಯಾವಾಗ ಬರೆದಿಟ್ಟರು ಎಂಬುದನ್ನು ಪರಿಶೀಲಿಸಿರಿ. ಗುಲಾಮಗಿರಿಯಿಂದ ಬಿಡುಗಡೆ ಪಡೆದ ಕಪ್ಪು ಹೋರಾಟಗಾರ್ತಿ ಸೋಜರ್ನರ್ ಟ್ರೂತ್ 1851ರಲ್ಲಿ ಒಹಾಯೊದ ಆಕ್ರನ್‌ನಲ್ಲಿ ಮಾಡಿದ ಭಾಷಣ ಆಗಲೇ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಅದರ ಜನಪ್ರಿಯ ಪಲ್ಲವಿ ‘ನಾನು ಹೆಣ್ಣಲ್ಲವೇ?’ ಮಾತ್ರ ಹನ್ನೆರಡು ವರ್ಷಗಳ ನಂತರ, ಆ ಸಭೆಯ ಅಧ್ಯಕ್ಷತೆ ವಹಿಸಿದ್ದ ಫ್ರಾನ್ಸಿಸ್ ಗೇಜ್ ಪ್ರಕಟಿಸಿದ ಭಾಷಣದ ರೂಪದಲ್ಲಿ ಮೊದಲಿಗೆ ಕಾಣಿಸಿಕೊಂಡಿತು. ಬಾಲ್ಯದಲ್ಲಿ ಡಚ್ ಭಾಷೆಯಾಡಿ ನ್ಯೂಯಾರ್ಕ್‌ನಲ್ಲಿ ಬೆಳೆದ ಟ್ರೂತ್ ಅವರ ಬಾಯಲ್ಲಿ ಗೇಜ್ ದಕ್ಷಿಣ ಸೀಮೆಯ ನುಡಿಯನ್ನು ಇಟ್ಟದ್ದು ವಿಚಿತ್ರವೇ ಸರಿ.

ಒಳಜಗಳಗಳನ್ನು ಮುಚ್ಚಿಡಬೇಡಿ. ಕಪ್ಪು ಪುರುಷರಿಗೆ ಮತದ ಹಕ್ಕು ನೀಡಿ ಮಹಿಳೆಯರನ್ನು ಹೊರಗಿಟ್ಟ 15ನೆಯ ತಿದ್ದುಪಡಿಯನ್ನು ಎಲಿಜಬೆತ್ ಕೇಡಿ ಸ್ಟಾಂಟನ್ ಮತ್ತು ಆಂಥನಿ ವಿರೋಧಿಸಿದರೆ, ಮತ್ತೊಬ್ಬ ನಾಯಕಿ ಲೂಸಿ ಸ್ಟೋನ್ ಬೆಂಬಲಿಸಿದರು; 1869ರಲ್ಲಿ ಹುಟ್ಟಿದ ಎರಡು ಪ್ರತ್ಯೇಕ ಸಂಘಟನೆಗಳು ಒಂದಾದದ್ದು 1890ರಲ್ಲಿ. ಮಹಿಳೆಯರ ಮತದಾನದ ಹಕ್ಕಿಗಾಗಿ ನಡೆದ 1913ರ ವಾಷಿಂಗ್ಟನ್ ಮೆರವಣಿಗೆಯಲ್ಲಿ ಕಪ್ಪು ಮಹಿಳೆಯರು ಹಿಂದೆ ನಡೆಯಬೇಕೆಂದಾಗ ಕಪ್ಪು ಪತ್ರಕರ್ತೆ ಐಡಾ ಬಿ. ವೆಲ್ಸ್ ಒಪ್ಪದೆ ಇಲಿನಾಯ್ ತಂಡದೊಂದಿಗೇ ನಡೆದುದನ್ನೂ ಸೇರಿಸಿರಿ.

ಲಿಂಗದ ಕಾರಣಕ್ಕೆ ಮತದ ಹಕ್ಕನ್ನು ನಿರಾಕರಿಸಬಾರದೆಂದ 1920ರ 19ನೆಯ ತಿದ್ದುಪಡಿಯಿಂದ ಎಲ್ಲ ಮಹಿಳೆಯರಿಗೂ ಮತ ದೊರೆಯಿತೆಂದು ಬರೆಯುವುದು ತಪ್ಪು. ದಕ್ಷಿಣದ ರಾಜ್ಯಗಳಲ್ಲಿ ಮತದಾನ ತೆರಿಗೆ, ಸಾಕ್ಷರತಾ ಪರೀಕ್ಷೆ ಮತ್ತು ಬೆದರಿಕೆಗಳು ಕಪ್ಪು ಮಹಿಳೆಯರನ್ನು ಮತಗಟ್ಟೆಯಿಂದ ದೂರವಿಟ್ಟಿದ್ದವು. ಆದ್ದರಿಂದ ಪ್ರಬಂಧದ ಕಾಲಾವಧಿಯನ್ನು, ಇಂಥ ತಡೆಗಳನ್ನು ತೆಗೆಯಲು ಬಂದ 1965ರ ಮತದಾನ ಹಕ್ಕುಗಳ ಕಾಯಿದೆಯವರೆಗೆ ವಿಸ್ತರಿಸಿರಿ.