ಕಾರವಾರದ ಸೆಕೆಗೆ ಬಾದಾಮಿ ಪರ್ಫ್ಯೂಮ್: ನಾನು ದಕ್ಕಿಸಿಕೊಂಡ ಬಗೆ

ಕರಾವಳಿಯಲ್ಲಿ ನಟ್ಟಿ (nutty) ಪರ್ಫ್ಯೂಮ್, ಅಂದರೆ ಬಾದಾಮಿ-ಶೇಂಗಾದಂಥ ಬೀಜಗಳ ಘಮದ್ದು, ನಡೆಯುವುದಿಲ್ಲ. ನನಗೆ ಇದನ್ನು ಹೇಳದವರೇ ಕಡಿಮೆ. ಬಾದಾಮಿ, ಹೇಝಲ್‌ನಟ್, ಟೋಂಕಾ ಬೀಜ, ಹುರಿದ ಶೇಂಗಾ, ಇದೆಲ್ಲ ಚಳಿ ದೇಶದವರ ಮಾಲು ಮಾರಾಯ, ಇಲ್ಲಿ ಹಾಕಿದರೆ ಮಧ್ಯಾಹ್ನದೊಳಗೆ ಮಿಠಾಯಿ ಅಂಗಡಿ ಆಗುತ್ತೀಯ, ಸುಮ್ನೆ ನಿಂಬೆಯದ್ದೋ ಸಮುದ್ರದ್ದೋ ಒಂದು ನೀಲಿ ಬಾಟಲಿ ತಗೋ ಅಂತ. ನಾನು ಅಂಕೋಲಾದಿಂದ ಕಾರವಾರಕ್ಕೆ ಸರ್ಕಾರಿ ಬಸ್ಸಿನಲ್ಲಿ ಓಡಾಡಿ ಲೆಕ್ಕ ಬರೆಯುವ ಕೆಲಸ ಮಾಡುವವನು. ಎಸಿ ಕಾರು ಇಲ್ಲ. ಆದರೂ ಈಗ ದಿನಾ ಹಾಕುತ್ತೇನೆ, ಏಪ್ರಿಲ್‌ನಲ್ಲೂ. ಅಂದು ನಕ್ಕವರೇ ಇಂದು ಯಾವುದು, ಎಲ್ಲಿಂದ ತರಿಸಿದೆ ಅಂತ ಕೇಳುತ್ತಾರೆ. ಹಾಗಾಗಿ ಬರೆದೇ ಬಿಡೋಣ ಅನ್ನಿಸಿತು.

ಮೊದಲು ಹಾಳಾದ ದುಡ್ಡಿನ ಕಥೆ. ಮೊದಲ ಬಾಟಲಿ 100 ಎಂಎಲ್, ಹೆಚ್ಚು ಕಡಿಮೆ ಏಳೂವರೆ ಸಾವಿರ. ಹೆಸರು ಬೇಡ. ಬಾದಾಮಿ, ಪ್ರಾಲಿನ್ (ಸಕ್ಕರೆ ಪಾಕದ ಬೀಜ), ವೆನಿಲಾ ಮೂರೂ ತುಂಬಿದ್ದು. ವಿಡಿಯೋದಲ್ಲಿ ಹೇಳಿದ ಹಾಗೆ ಕುತ್ತಿಗೆ, ಮಣಿಕಟ್ಟು, ಕಿವಿಯ ಹಿಂದೆ ಅಂತ ಐದಾರು ಸ್ಪ್ರೇ ಹೊಡೆದುಕೊಂಡು ಹೊರಟರೆ ದಾರಿಯ ಅಮದಳ್ಳಿ ಊರಿನವರೆಗೆ ಚೆನ್ನಾಗಿತ್ತು. ಬಿಣಗಾ ಬರುವಷ್ಟರಲ್ಲಿ ಬಾದಾಮಿ ಹಾರಿಹೋಗಿ, ಬೆವರಿನ ಮೇಲೆ ಬರೀ ಸಕ್ಕರೆ ಉಳಿಯಿತು. ಅದೇ ಬಾಟಲಿಯನ್ನು ಶಿರಸಿಯಲ್ಲಿ ಒಂದು ಉಪನಯನಕ್ಕೆ ಹಾಕಿಕೊಂಡು ಹೋಗಿದ್ದೆ. ದೊಡ್ಡಮ್ಮ ಪಂಕ್ತಿಯ ನಡುವೆಯೇ "ಎಂತದಾ ತಮಾ ಇದು, ಪಾಯಸದ ವಾಸನೆ ಬತ್ತಾ ಇದ್ದು" ಅಂದರು. ಆ ದಿನ ಪಾಯಸ ಇನ್ನೂ ಬಡಿಸಿರಲಿಲ್ಲ.

ಚರ್ಮಕ್ಕೆ ಬೇಡ, ಬಟ್ಟೆಗೆ ಹಾಕೋಣ ಅಂತ ಬಿಳಿ ಶರ್ಟಿಗೆ ಹೊಡೆದರೆ ಇನ್ನೊಂದು ಫಜೀತಿ. ವೆನಿಲಾದ ಘಮ ಕೊಡುವ ವೆನಿಲಿನ್ ಜಾಸ್ತಿ ಇರುವ ಪರ್ಫ್ಯೂಮ್ ಬಿಳಿ ಬಟ್ಟೆ ಮೇಲೆ ದಿನ ಕಳೆದಂತೆ ಕಂದಾಗುತ್ತದೆ. ಎರಡು ಶರ್ಟಿನ ಎದೆ ಮೇಲೆ ಚಹಾ ಚೆಲ್ಲಿದ ಹಾಗೆ ಕಲೆ. ತೊಳೆದರೂ ಹೋಗಲಿಲ್ಲ. ಅರ್ಧ ಮುಗಿದ ಬಾಟಲಿಯಂತೂ ಕಿಟಕಿ ಪಕ್ಕ ಇದ್ದೂ ಇದ್ದೂ ಚಪ್ಪೆಯಾಯಿತು. ಬಾದಾಮಿಯ ಆ ಕಹಿ ಘಮ ಕೊಡುವುದು ಬೆಂಝಾಲ್ಡಿಹೈಡ್. ಗಾಳಿ ತಾಗಿದರೆ ಅದು ನಿಧಾನಕ್ಕೆ ಬೆಂಝೋಯಿಕ್ ಆಮ್ಲ ಆಗಿಬಿಡುತ್ತದೆ, ಆ ಆಮ್ಲಕ್ಕೆ ಘಮ ಇಲ್ಲವೆಂದೇ ಹೇಳಬೇಕು. ಬಾಟಲಿ ಖಾಲಿಯಾದಷ್ಟೂ ಒಳಗೆ ಗಾಳಿ ಜಾಸ್ತಿ, ಜತೆಗೆ ನಮ್ಮ ಮೇ ತಿಂಗಳ ಕಾವು. ಅಲ್ಲಿಗೆ ಏಳೂವರೆ ಸಾವಿರದಲ್ಲಿ ಅರ್ಧ ನೀರಿಗೆ ಹೋಯಿತು.

ಅದಾದ ಮೇಲೆ ದೊಡ್ಡ ಬಾಟಲಿ ಬಿಟ್ಟೆ. ಈಗ 10 ಎಂಎಲ್ ಡಿಕ್ಯಾಂಟ್ (ದೊಡ್ಡ ಬಾಟಲಿಯಿಂದ ಸಣ್ಣದಕ್ಕೆ ತುಂಬಿ ಮಾರುವುದು) ಮಾತ್ರ, ಗಾಜಿನದ್ದು, ಕುತ್ತಿಗೆ ತನಕ ತುಂಬಿದ್ದು. ಒಂದಕ್ಕೆ ಒಂಬೈನೂರರ ಆಸುಪಾಸು ಬೀಳುತ್ತದೆ. ಒಂದು ಸ್ಪ್ರೇಗೆ ಅಂದಾಜು 0.1 ಎಂಎಲ್ ಹಿಡಿಯಿರಿ, ನೂರು ಸ್ಪ್ರೇ. ದಿನಕ್ಕೆ ಎರಡರಂತೆ ಐವತ್ತು ದಿನ. ಅಂದರೆ ದಿನಕ್ಕೆ ಹದಿನೆಂಟು ರೂಪಾಯಿ. ಬಸ್ ಸ್ಟ್ಯಾಂಡಿನಲ್ಲಿ ನಾವು ದಿನಾ ಕುಡಿಯುವ ಚಹಾದ ಲೆಕ್ಕ ಯಾರೂ ಕೇಳುವುದಿಲ್ಲ, ಇದಕ್ಕೆ ಮಾತ್ರ ಮನೆಯಲ್ಲಿ ಲೆಕ್ಕ ಕೊಡಬೇಕು.

ನಟ್ಟಿ ಅಂದ ಕೂಡಲೇ ಸಿಹಿಯದ್ದು ಹುಡುಕಬೇಡಿ. ಇಲ್ಲಿಗೆ ಒಣ ನಟ್ ಬೇಕು. ಹಿಟ್ಟು, ಮರ, ಸ್ವಲ್ಪ ಹುರಿದ ಘಮ ಇರುವಂಥದ್ದು. ಫ್ರೆಂಚ್ ಕಂಪನಿ ಲಾರ್ಟಿಸಾನ್ ಪರ್ಫ್ಯೂಮರ್‌ನ ಬ್ವಾ ಫಾರೀನ್ ಅಂತ ಒಂದಿದೆ, 2003ರದ್ದು, ಝಾನ್ ಕ್ಲೋದ್ ಎಲೆನಾ ಅನ್ನುವ ಪರ್ಫ್ಯೂಮ್ ತಯಾರಕ ಮಾಡಿದ್ದು. ರಿಯೂನಿಯನ್ ದ್ವೀಪದ ಒಂದು ಗಿಡದ ಹೂವಿಗೆ ಹಿಟ್ಟಿನ ವಾಸನೆ ಇದೆ ಅಂತ ಅದರಿಂದ ಹುಟ್ಟಿದ ಪರ್ಫ್ಯೂಮ್. ಮೂಸಿದರೆ ಆಗಷ್ಟೇ ಸಿಪ್ಪೆ ತೆಗೆದ ಶೇಂಗಾ ಮತ್ತು ಒಣ ಮರ. ಸಕ್ಕರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನನ್ನ ಮಟ್ಟಿಗೆ ಕರಾವಳಿಗೆ ಇದಕ್ಕಿಂತ ಸಭ್ಯವಾದದ್ದು ಇಲ್ಲ. ಇನ್ನೊಂದು ಫ್ರೆಂಚ್ ಕಂಪನಿ ಗೆರ್ಲಾಂನ ಲೋಮ್ ಇದೇಆಲ್, 2014ರದ್ದು, ಬಾದಾಮಿಯಲ್ಲಿ ಒಳ್ಳೆ ಮಾಲು. ಆದರೆ ನಾನು ಅದನ್ನು ಘಟ್ಟದ ಮೇಲಕ್ಕೆ ಅಂತಲೇ ಎತ್ತಿಟ್ಟಿದ್ದೇನೆ.

ಇಲ್ಲೊಂದು ಮಾತು. ನಮ್ಮ ಕಡೆಯವರಿಗೆ ನಟ್ ವಾಸನೆ ಅಂದರೆ ತಲೆಗೆ ಬರುವುದು ಸುಡುವ ಗೇರುಬೀಜ. ಚಿಕ್ಕವರಿದ್ದಾಗ ಬೆಟ್ಟದಲ್ಲಿ ತರಗೆಲೆ ಒಟ್ಟಿ ಸುಟ್ಟು ತಿಂದವರಿಗೆ ಗೊತ್ತು, ಆ ಹೊಗೆ ಗಂಟಲು ಕೆರೆಯುತ್ತದೆ. ಅದು ಬೀಜದ ವಾಸನೆ ಅಲ್ಲ, ಸಿಪ್ಪೆಯ ಎಣ್ಣೆಯದ್ದು. ಒಳಗಿನ ಬೀಜದ್ದು ಬಹಳ ಮೆತ್ತನೆ ಘಮ. ಆಫೀಸಿನಲ್ಲಿ ಒಬ್ಬರು "ಗೇರುಬೀಜದ ಪರ್ಫ್ಯೂಮಾ, ಹೊಗೆ ಬರುತ್ತಾ" ಅಂತ ಕೇಳಿದ್ದು ಇದಕ್ಕೇ.

ಆ ಘಮ ಹಿಡಿಯಲು ನಾನೂ ಒಂದು ಕೈ ನೋಡಿದೆ. ಗೋಡಂಬಿ ಹುರಿದು ಪರ್ಫ್ಯೂಮರ್ಸ್ ಆಲ್ಕೋಹಾಲ್‌ನಲ್ಲಿ ತಿಂಗಳುಗಟ್ಟಲೆ ನೆನೆಸಿಟ್ಟೆ. ಬಂದದ್ದು ಮಬ್ಬು ದ್ರವ, ತಳದಲ್ಲಿ ಜಿಡ್ಡು, ವಾಸನೆ ಹಳೇ ಡಬ್ಬಿಯದ್ದು. ಆಮೇಲೆ ತಿಳಿಯಿತು, ಪರ್ಫ್ಯೂಮಿನ ನಟ್ ಹೆಚ್ಚಾಗಿ ಬೀಜದಿಂದ ಬರುವುದೇ ಅಲ್ಲ. ಅದಕ್ಕೆ ಬೇರೆ ಬೇರೆ ರಾಸಾಯನಿಕಗಳಿವೆ: ಹುರಿದ ಘಮಕ್ಕೆ ಪೈರಜೀನ್, ಹೇಝಲ್‌ನಟ್‌ಗೆ ಫಿಲ್ಬರ್ಟೋನ್, ಟೋಂಕಾಕ್ಕೆ ಕೂಮರಿನ್. ಕೂಮರಿನ್ ಏನು ಇವತ್ತಿನದ್ದಲ್ಲ, 1882ರ ಫೂಜೇರ್ ರೊಯಾಲ್ ಎಂಬ ಪರ್ಫ್ಯೂಮ್‌ನಲ್ಲೇ ಇತ್ತು. ಗೋಡಂಬಿಗೆ ಹಾಕಿದ ದುಡ್ಡಿಗೆ ಬರ್ಫಿ ಮಾಡಿದ್ದರೆ ಮನೆಯವರಾದರೂ ಖುಷಿ ಪಡುತ್ತಿದ್ದರು.

ವೆನಿಲಾ ಪ್ರಯೋಗ ಮಾತ್ರ ಪರವಾಗಿಲ್ಲ. ಶಿರಸಿ ಕಡೆ ಒಂದು ಕಾಲಕ್ಕೆ ಅಡಿಕೆ ಮರಕ್ಕೆಲ್ಲ ವೆನಿಲಾ ಬಳ್ಳಿ ಹಬ್ಬಿಸಿದ್ದರಲ್ಲ, ರೇಟು ಬಿದ್ದ ಮೇಲೆ ಬಹಳ ಮಂದಿ ಕಿತ್ತರು, ಭಾವನ ತೋಟದಲ್ಲಿ ನಾಲ್ಕು ಬಳ್ಳಿ ಉಳಿದಿದೆ. ಅದರ ಕೋಡು ಸೀಳಿ ಆಲ್ಕೋಹಾಲ್‌ಗೆ ಹಾಕಿಟ್ಟರೆ ಆರೇಳು ತಿಂಗಳಿಗೆ ಕಂದು ಬಣ್ಣದ ಟಿಂಕ್ಚರ್ ಸಿಗುತ್ತದೆ. ಸಿಹಿ ಕಡಿಮೆ, ಸ್ವಲ್ಪ ಹೊಗೆಸೊಪ್ಪಿನ ಛಾಯೆ. ಒಣ ನಟ್ ಪರ್ಫ್ಯೂಮಿನ ಕೆಳಗೆ ಒಂದೇ ಒಂದು ಹನಿ ಇದ್ದರೆ ಬಹಳ ಹೊತ್ತು ಹಿಡಿದು ನಿಲ್ಲಿಸುತ್ತದೆ. ಬಣ್ಣದ ಬನಿಯನ್ ಮೇಲೆ ಮಾತ್ರ, ಬಿಳಿಗೆ ಬೇಡ.

ಅಸಲಿ ವಿಷಯ ಲಾವಂಚ. ನಟ್ಟಿ ಪರ್ಫ್ಯೂಮ್ ಕೆಡಿಸುವುದು ಸೆಕೆ ಅಲ್ಲ, ಒದ್ದೆ. ಬೆವರು, ಕಡಲ ಗಾಳಿ, ಸರಿಯಾಗಿ ಒಣಗದ ಬಟ್ಟೆ. ಆ ಒದ್ದೆ ವಾಸನೆಯನ್ನು ಲಾವಂಚ ಮುಚ್ಚಿಬಿಡುತ್ತದೆ. ಅದರಲ್ಲೇ ಸ್ವಲ್ಪ ಮಣ್ಣು, ಸ್ವಲ್ಪ ಬೀಜದ ಘಮ ಇರುವುದರಿಂದ ಬಾದಾಮಿಗೂ ಶೇಂಗಾಕ್ಕೂ ಅಂಟಿಕೊಂಡು ಕೂರುತ್ತದೆ. ಮೊದಲು ಅತ್ತರ್ ನೋಡಿದೆ. ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನೌಜಿನ ರೂಹ್ ಖಸ್, ಅಂದರೆ ಲಾವಂಚದ ಎಣ್ಣೆ, ತಾಮ್ರದ ಹಂಡೆಯಲ್ಲಿ ಇಳಿಸಿದ್ದಕ್ಕೆ ತಿಳಿ ಹಸಿರು, ಘಮ ಅದ್ಭುತ. ಆದರೆ ದಿನಬಳಕೆಗೆ ಜೇಬು ಒಪ್ಪಲಿಲ್ಲ, ಜತೆಗೆ ಅದರ ಅಬ್ಬರಕ್ಕೆ ಪರ್ಫ್ಯೂಮೇ ಕೇಳಿಸುವುದಿಲ್ಲ. ಶಿರಸಿ ಪೇಟೆಯ ಗ್ರಂಥಿಗೆ ಅಂಗಡಿಯಿಂದ ಬೇರು ತಂದೆ, ನೂರು ರೂಪಾಯಿಯ ಬೇರು ಒಂದು ವರ್ಷಕ್ಕೆ ಸಾಕು. ತೊಳೆದು, ಬಿಸಿಲಿಗೆ ಹಾಕಿ, ಮಲ್ ಬಟ್ಟೆಯಲ್ಲಿ ಕಟ್ಟಿ ಬನಿಯನ್‌ಗಳ ನಡುವೆ ಇಡುತ್ತೇನೆ. ಆ ಗಂಟಿಗೆ ಬೇರಿನ ಜತೆ ಇನ್ನೊಂದು ಒಣ ಸಾಮಾನು ಸೇರುತ್ತದೆ. ಅದನ್ನು ಹೇಳುವುದಿಲ್ಲ. ಅಡುಗೆಮನೆಯದ್ದೇ, ಹುಡುಕಿಕೊಳ್ಳಿ.

ಹಾಕುವ ಕ್ರಮ ಹೀಗೆ. ಸ್ನಾನ ಆಗಿ ಮೈ ಪೂರ್ತಿ ಆರಬೇಕು, ಫ್ಯಾನ್ ಕೆಳಗೆ ಹತ್ತು ನಿಮಿಷ ಕೂತರೂ ಪರವಾಗಿಲ್ಲ. ಲಾವಂಚದ ಬನಿಯನ್ ಹಾಕುವ ಮೊದಲು ಅದರ ಒಳಮೈಗೆ ಅಲ್ಲ, ಹೊರಮೈಗೆ, ಎದೆಯ ನಡುವೆ ಒಂದು ಸ್ಪ್ರೇ. ಇನ್ನೊಂದು ಶರ್ಟಿನ ಬೆನ್ನಿಗೆ, ಕಾಲರಿನ ಕೆಳಗೆ ಒಳಬದಿಗೆ. ಅಷ್ಟೇ. ಕುತ್ತಿಗೆಗೆ ಬೇಡ, ಮಣಿಕಟ್ಟಿಗೆ ಬೇಡ. ಇಸ್ತ್ರಿ ಮಾಡಿದ ಶರ್ಟ್ ತಣಿದಿರಬೇಕು, ಬಿಸಿ ಇದ್ದರೆ ಮೇಲಿನ ಘಮ ಅಲ್ಲೇ ಹಾರುತ್ತದೆ. ಹೀಗೆ ಹಾಕಿದ್ದು ಬೆಳಿಗ್ಗೆ ಏಳೂವರೆಗೆ, ಸಂಜೆ ವಾಪಸ್ ಬರುತ್ತಾ ಕಾರವಾರದ ಬೈತಕೋಲ್ ದಾಟುವಾಗ ಶರ್ಟಿನ ಕಾಲರ್ ಎತ್ತಿದರೆ ಇನ್ನೂ ಇರುತ್ತದೆ. ದೂರಕ್ಕೆ ಹೊಡೆಯುವುದಿಲ್ಲ, ಪಕ್ಕ ಕೂತವರಿಗೆ ಮಾತ್ರ ಗೊತ್ತಾಗುತ್ತದೆ, ಆಫೀಸಿಗೆ ಅಷ್ಟು ಸಾಕಲ್ವಾ. ಮೀನು ಬುಟ್ಟಿ ಪಕ್ಕ ಸೀಟು ಸಿಕ್ಕಿದ ದಿನ ಯಾವ ಪರ್ಫ್ಯೂಮೂ ಗೆಲ್ಲುವುದಿಲ್ಲ, ಅಂಥ ದಿನ ಸುಮ್ನೆ ಕಿಟಕಿ ತೆಗೆದು ಕೂರುವುದು.

ತೆಂಗಿನೆಣ್ಣೆ ಹಚ್ಚಿ ಅದರ ಮೇಲೆ ಹಾಕಿದರೆ ಜಾಸ್ತಿ ನಿಲ್ಲುತ್ತದೆ ಅಂತ ಕೆಲವರು ಹೇಳುತ್ತಾರೆ. ನಿಲ್ಲುವುದೇನೋ ನಿಲ್ಲುತ್ತದೆ, ಆದರೆ ಗಾಣದ ಎಣ್ಣೆಯ ಘಮ ಬಾದಾಮಿ ಜತೆ ಸೇರಿ ಕೊಬ್ಬರಿ ಮಿಠಾಯಿ ಆಗುತ್ತದೆ. ನನಗೆ ಹಿಡಿಸಲಿಲ್ಲ.

ಶಿರಸಿಗೆ ಹೋಗುವಾಗ ಲೆಕ್ಕ ಬೇರೆ. ದೇವಿಮನೆ ಘಟ್ಟ ಹತ್ತಿ ಡಿಸೆಂಬರ್-ಜನವರಿಯ ಬೆಳಗಿನ ಚಳಿಗೆ ಹೋದರೆ ಸಿಹಿ ಇರುವ ಬಾದಾಮಿಯೂ ನಡೆಯುತ್ತದೆ, ಮೂರು ಸ್ಪ್ರೇ ಹೊಡೆದರೂ ಯಾರೂ ತಿರುಗಿ ನೋಡುವುದಿಲ್ಲ. ಅದೇ ಹೊತ್ತಿಗೆ ಅಡಿಕೆ ಬೇಯಿಸುವ ಮನೆ ಹೊಕ್ಕರೆ ಚೊಗರಿನ (ಅಡಿಕೆ ಬೇಯಿಸಿದ ಕಂದು ನೀರಿನ) ಆ ಒಗರು ಹಬೆಯ ನಡುವೆ ಬಾದಾಮಿ ಎಷ್ಟು ಚೆಂದ ಕೂರುತ್ತದೆ ಅಂದರೆ, ಅದೊಂದನ್ನು ಬಾಟಲಿಗೆ ಇಳಿಸುವವರು ಸಿಕ್ಕರೆ ಏಳೂವರೆ ಸಾವಿರ ಮತ್ತೆ ಕೊಡಲು ತಯಾರಿದ್ದೇನೆ. ದೊಡ್ಡಮ್ಮ ಕಳೆದ ಸಲ ಪಾಯಸ ಅನ್ನಲಿಲ್ಲ. ಲಾವಂಚದ ಗಂಟು ಒಂದು ಕೊಡು ಅಂದರು, ಪಟ್ಟೆ ಸೀರೆ ಪೆಟ್ಟಿಗೆಗೆ.

ಮಳೆಗಾಲದಲ್ಲಿ ಮಾತ್ರ ಜೂನ್ ನಡುವಿನಿಂದ ಆಗಸ್ಟ್‌ವರೆಗೆ ಗಂಟಿನ ಬೇರನ್ನು ವಾರಕ್ಕೊಮ್ಮೆ ಕಾವಲಿ ಮೇಲೆ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಕಟ್ಟಬೇಕು, ಇಲ್ಲದಿದ್ದರೆ ಬೇರಿಗೇ ಬೂಸ್ಟು ಬರುತ್ತದೆ. ಬೂಸ್ಟು ಹಿಡಿದ ಬಟ್ಟೆ ಮೇಲೆ ನಟ್ಟಿ ಹಾಕಿದರೆ ಹಳಸಿದ ಶೇಂಗಾ. ಬಟ್ಟೆ ಒಣಗದ ದಿನ ಹಾಕುವುದೇ ಬೇಡ. ಡಿಕ್ಯಾಂಟ್ ತರಿಸುವವರು ಏಪ್ರಿಲ್, ಮೇ ಬಿಟ್ಟು ತರಿಸಿ, ಕೊರಿಯರ್ ಹುಡುಗರ ಚೀಲ ಬಿಸಿಲಿನಲ್ಲಿ ಅರ್ಧ ದಿನ ತಿರುಗುತ್ತದೆ. ನಾನು ಫೆಬ್ರವರಿಯಲ್ಲೇ ಎರಡು ತರಿಸಿ ಬೀರುವಿನ ಕೆಳಗಿನ ಖಾನೆಯಲ್ಲಿ, ಕತ್ತಲಲ್ಲಿ ಇಟ್ಟುಕೊಳ್ಳುತ್ತೇನೆ.